ಕೊನೆಯ ಭಾಗದ ಮೊದಲ ಬೆಳಗು

ದೊಡ್ಡ ಕಥೆಯೊಂದರ ಕೊನೆಯ ಭಾಗ ಶುರುವಾಗುವ ಹೊತ್ತು ಒಂದು ಥರ ವಿಚಿತ್ರದ್ದು. ಕಥೆ ಇನ್ನೂ ಮುಗಿದಿಲ್ಲ. ಆದರೆ ಮುಗಿಯುವುದು ಖಚಿತವಾಗಿದೆ. ನಿನ್ನೆಯವರೆಗೆ ‘ಮುಂದೇನು’ ಎಂದು ಕಾಯುತ್ತಿದ್ದವರು ಇವತ್ತು ‘ಕೊನೆಗೇನು’ ಎಂದು ಕಾಯತೊಡಗುತ್ತಾರೆ. ಮೇಲುನೋಟಕ್ಕೆ ಎರಡೂ ಒಂದೇ ಕುತೂಹಲ. ಆದರೆ ಮೊದಲನೆಯದರಲ್ಲಿ ಇದ್ದದ್ದು ಬರೀ ಆಸೆ. ಎರಡನೆಯದರಲ್ಲಿ ಆಸೆಯ ಪಕ್ಕಕ್ಕೇ ಸಣ್ಣದೊಂದು ಸಂಕಟ ಬಂದು ಕೂತಿರುತ್ತದೆ.

2025ರ ನವೆಂಬರ್ 27ರಂದು ಅಂಥ ಹೊತ್ತು ನಮ್ಮ ಕೊರಟಗೆರೆಗೆ ಬೆಳಗಿನ ಆರೂವರೆಗೆ ಬಂತು. ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಅಮೆರಿಕದ ನಿಗೂಢ ಧಾರಾವಾಹಿಯ ಐದನೆಯ, ಅಂದರೆ ಕೊನೆಯ ಸೀಸನ್ನಿನ ಮೊದಲ ನಾಲ್ಕು ಕಂತುಗಳನ್ನು ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದಾಗ ಅಲ್ಲಿ ಬುಧವಾರದ ಸಂಜೆ. ಇಲ್ಲಿ ಗುರುವಾರ, ಡೇರಿಗೆ ಹಾಲು ಹಾಕುವ ಹೊತ್ತು. ಹೊಲದಲ್ಲಿ ರಾಗಿ ಕೊಯ್ಲಿನ ಕಾಲ. ಚಳಿಗೆ ಸುವರ್ಣಮುಖಿಯ ಕಡೆಯಿಂದ ತೆಳ್ಳಗೆ ಮಂಜು ಎದ್ದಿತ್ತು. ನನ್ನ ತಮ್ಮನ ಮಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಎಬ್ಬಿಸದೆ ಏಳದ ಹುಡುಗ ಆವತ್ತು ಆರೂಕಾಲಿಗೇ ಜಗಲಿಯ ಮೇಲಿದ್ದ. ತಲೆಗೆ ಟವಲು ಸುತ್ತಿಕೊಂಡು, ಮೊಬೈಲನ್ನು ತುಳಸಿಕಟ್ಟೆಗೆ ಒರಗಿಸಿ, ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದ. ಪರದೆಯ ನಡುವೆ ಕೆಂಪು ಉಂಗುರ ತಿರುಗುತ್ತಿತ್ತು. ಅವನು ಅದನ್ನೂ ಕಥೆಯ ಭಾಗವೇ ಎಂಬಂತೆ ನೋಡುತ್ತಿದ್ದ.

ಆ ಕಥೆ ಶುರುವಾದದ್ದು 2016ರ ಜುಲೈನಲ್ಲಿ. ಇಂಡಿಯಾನಾ ರಾಜ್ಯದ ಹಾಕಿನ್ಸ್ ಎಂಬ ಕಲ್ಪಿತ ಊರಿನಲ್ಲಿ, 1983ರ ನವೆಂಬರಿನ ಒಂದು ರಾತ್ರಿ ವಿಲ್ ಎಂಬ ಹುಡುಗ ಕಾಣೆಯಾಗುತ್ತಾನೆ. ಅವನನ್ನು ಹುಡುಕಲು ಹೊರಟ ಗೆಳೆಯರು ನಮ್ಮ ಲೋಕದ ತಳಕ್ಕೇ ಅಂಟಿಕೊಂಡ ಇನ್ನೊಂದು ಕತ್ತಲೆಯ ಲೋಕವನ್ನು ಕಾಣುತ್ತಾರೆ. ಒಂಬತ್ತು ವರ್ಷಗಳಲ್ಲಿ ಆ ಕಥೆಯ ಹುಡುಗರಿಗೆ ಮೀಸೆ ಬಂತು, ನೋಡುತ್ತಿದ್ದ ನಮ್ಮ ಹುಡುಗನಿಗೂ ಬಂತು.

ಮೊದಲ ಕಂತು ಮುಗಿಸಿ ಅವನು ಒಳಗೆ ಬಂದಾಗ ಕೇಳಿದೆ, “ಎಂಗಿತ್ತೋ?”

“ಚೆನ್ನಾಗೈತೆ ದೊಡ್ಡಪ್ಪ. ಆದ್ರೆ...”

“ಆದ್ರೆ ಏನು?”

“ಮುಗ್ದೋಯ್ತದಲ್ಲ.”

ಉಳಿದ ಮೂರು ಕಂತು ಕೈಯಲ್ಲೇ ಇದ್ದವು. ಬಸ್ಸಿನಲ್ಲಿ ನೋಡಿ ಮುಗಿಸಬಹುದಿತ್ತು. “ದಿನಕ್ಕೊಂದೇ ನೋಡೋದು, ಒಟ್ಟಿಗೆ ನೋಡಲ್ಲ” ಎಂದ. ಕಾಲೇಜಿನಲ್ಲಿ ಯಾರಾದರೂ ಬಾಯಿಬಿಟ್ಟರೆ ಎಂಬ ಭಯಕ್ಕೆ ವಾಟ್ಸಾಪ್ ಗುಂಪುಗಳನ್ನೆಲ್ಲ ಮುಚ್ಚಿಟ್ಟಿದ್ದ. ಉತ್ತರ ಬೇಕು ಎಂದು ವರ್ಷಗಟ್ಟಲೆ ಕಾದವನು, ಉತ್ತರ ಬಾಗಿಲಿಗೆ ಬಂದಾಗ ಅದನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದಾನೆ. ನಗು ಬಂತು. ಆಮೇಲೆ, ಇವನು ಮಾಡುತ್ತಿರುವುದೇ ಸರಿ ಇರಬಹುದೇನೋ ಅನ್ನಿಸಿತು.

ನಿಗೂಢ ಕಥೆ ಹೇಳುವವನು ಒಂದು ಲೆಕ್ಕದಲ್ಲಿ ಸಾಲಗಾರ. ಕಂತು ಕಂತಿಗೂ ನಮ್ಮಿಂದ ನಂಬಿಕೆಯನ್ನು ಕೈಗಡ ತೆಗೆದುಕೊಳ್ಳುತ್ತಾನೆ. ಈ ಬಾಗಿಲ ಹಿಂದೆ ಏನಿದೆ, ಆಮೇಲೆ ಹೇಳುತ್ತೇನೆ. ಆ ಹೆಣ ಯಾರದು, ಆಮೇಲೆ ಹೇಳುತ್ತೇನೆ. ನಾವು ನಂಬಿ ಕೊಡುತ್ತಲೇ ಹೋಗುತ್ತೇವೆ. ಕೊನೆಯ ಭಾಗದ ಮೊದಲ ದಿನವೆಂದರೆ ವಾಯಿದೆ ಬಂದ ದಿನ. ಆದರೆ ವಿಶೇಷವಿರುವುದು ಸಾಲ ಕೊಟ್ಟವರಲ್ಲಿ. ವಸೂಲಿಗೆ ಹೊರಟವರ ಮನಸ್ಸಿನಲ್ಲಿ ‘ಪೂರ್ತಿ ಚುಕ್ತಾ ಮಾಡಿಬಿಟ್ಟರೆ ನಾಳೆಯಿಂದ ಈ ಮನೆಗೆ ಬರಲು ನೆಪವೇ ಇರುವುದಿಲ್ಲವಲ್ಲ’ ಎಂಬ ಅಳುಕೂ ಇರುತ್ತದೆ.

ವಾಯಿದೆಯನ್ನು ತಾವಾಗಿಯೇ ಬರೆದುಕೊಟ್ಟವರೂ ಇದ್ದಾರೆ. ಅಮೆರಿಕದ ಎಬಿಸಿ ವಾಹಿನಿಯ ‘ಲಾಸ್ಟ್’ ಧಾರಾವಾಹಿ 2004ರಲ್ಲಿ ಶುರುವಾಯಿತು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನವೊಂದು ದ್ವೀಪದಲ್ಲಿ ಬೀಳುತ್ತದೆ. ಬದುಕುಳಿದವರಿಗೆ ಆ ದ್ವೀಪ ದಿನಕ್ಕೊಂದು ಒಗಟು ಒಡ್ಡುತ್ತದೆ. ಕಪ್ಪು ಹೊಗೆಯಂಥ ಪ್ರಾಣಿ, ನೆಲದಲ್ಲಿ ಹೂತ ಬಾಗಿಲು, ಮತ್ತೆ ಮತ್ತೆ ಎದುರಾಗುವ ಅದೇ ಸಂಖ್ಯೆಗಳು. ಜನಕ್ಕೆ ಅನುಮಾನ ಬರತೊಡಗಿತು: ಇವರಿಗೇ ಉತ್ತರ ಗೊತ್ತಿದೆಯೋ ಇಲ್ಲವೋ? ಆಗ, 2007ರ ಮೇನಲ್ಲಿ, ವಾಹಿನಿ ಒಂದು ಘೋಷಣೆ ಮಾಡಿತು. ಇನ್ನು ಮೂರು ಸೀಸನ್, 48 ಕಂತು, 2010ರಲ್ಲಿ ಮುಕ್ತಾಯ. ಓಡುವ ಕುದುರೆಯನ್ನು ಯಾರೂ ತಾವಾಗಿ ನಿಲ್ಲಿಸುವುದಿಲ್ಲ. ಮೂರು ವರ್ಷ ಮೊದಲೇ ಕೊನೆಯ ದಿನ ಗೊತ್ತುಮಾಡುವುದು ಟೆಲಿವಿಷನ್ ವ್ಯಾಪಾರದಲ್ಲಿ ಅಪರೂಪದ ಮಾತು.

ಆ ಕೊನೆಯ ಸೀಸನ್ 2010ರ ಫೆಬ್ರುವರಿ 2ರ ರಾತ್ರಿ ಶುರುವಾಗಬೇಕಿತ್ತು. ಅಮೆರಿಕದ ಅಧ್ಯಕ್ಷರು ಸಂಸತ್ತಿನಲ್ಲಿ ಮಾಡುವ ವಾರ್ಷಿಕ ಭಾಷಣವೂ ಅದೇ ರಾತ್ರಿಗೆ ಬೀಳಬಹುದು ಎಂಬ ಸುದ್ದಿ ಹಬ್ಬಿ ಅಭಿಮಾನಿಗಳು ಗದ್ದಲ ಎಬ್ಬಿಸಿದರು. ಕೊನೆಗೆ ಶ್ವೇತಭವನದ ವಕ್ತಾರ ರಾಬರ್ಟ್ ಗಿಬ್ಸ್ ಪತ್ರಕರ್ತರ ಮುಂದೆ, ಹಾಗಾಗಲು ಬಿಡುವುದಿಲ್ಲ ಎಂಬ ಭರವಸೆ ಕೊಡಬೇಕಾಯಿತು. ಒಬಾಮ ಜನವರಿ 27ಕ್ಕೇ ಭಾಷಣ ಮುಗಿಸಿಕೊಂಡರು. ಲಕ್ಷಾಂತರ ಜನರ ಕಾಯುವಿಕೆ ಒಟ್ಟುಗೂಡಿದರೆ ಅದಕ್ಕೂ ಒಂದು ರಾಜಕೀಯ ತೂಕ ಬರುತ್ತದೆ. ನಮ್ಮಲ್ಲಿ ‘ರಾಮಾಯಣ’ದ ಭಾನುವಾರಗಳನ್ನು ಕಂಡವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ಅಷ್ಟೆಲ್ಲ ಆಗಿ ಆ ರಾತ್ರಿ ಜನ ಕಂಡದ್ದೇನು? ಸಾಲ ತೀರಿಸಲು ಬಂದವನು ಹೊಸದಾಗಿ ಸಾಲ ಕೇಳಿದ. ಒಂದು ಎಳೆಯಲ್ಲಿ ಅದೇ ವಿಮಾನ ಬೀಳದೆ ಸುಖವಾಗಿ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತದೆ. ಇನ್ನೊಂದು ಎಳೆಯಲ್ಲಿ ಎಲ್ಲರೂ ದ್ವೀಪದಲ್ಲೇ ಇದ್ದಾರೆ. ಹೊಗೆಯ ಪ್ರಾಣಿ ಯಾರೆಂಬ ಒಂದು ಗುಟ್ಟು ಬಿಚ್ಚಿಕೊಂಡಿತು, ಅದರ ನಾಲ್ಕರಷ್ಟು ಹೊಸ ಗುಟ್ಟು ಕಟ್ಟಿಕೊಂಡಿತು. ಕೊನೆಯ ಕಂತು ಆ ಮೇ ತಿಂಗಳಲ್ಲಿ ಬಂದ ಮೇಲೂ, ತಮಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂದು ಸಿಟ್ಟಾದವರಿಗೆ ಕಡಿಮೆಯಿಲ್ಲ. ನಾನದನ್ನು ತಡವಾಗಿ ನೋಡಿದವನು. ನನಗೆ ಮೋಸವಾಯಿತು ಅನ್ನಿಸಲಿಲ್ಲ. ದ್ವೀಪದ ಒಗಟುಗಳು ಅರ್ಧಕ್ಕರ್ಧ ಈಗ ನೆನಪಿಲ್ಲ, ಜನ ನೆನಪಿದ್ದಾರೆ. ಇರಾಕಿನ ಸಯೀದ್ ಆಗಿ ನಟಿಸಿದ್ದ ನವೀನ್ ಆಂಡ್ರ್ಯೂಸ್, ಲಂಡನ್ನಿನಲ್ಲಿ ಹುಟ್ಟಿದ ಮಲಯಾಳಿ ಮನೆತನದ ಹುಡುಗ, ಆ ಕಣ್ಣುಗಳು ನೆನಪಿವೆ.

‘ಸ್ಟ್ರೇಂಜರ್ ಥಿಂಗ್ಸ್’ ಬೇರೆ ದಾರಿ ಹಿಡಿಯಿತು. ಕೊನೆಯ ಸೀಸನ್ನಿನ ಕಥೆ ನಡೆಯುವುದು 1987ರಲ್ಲಿ. ಆದರೆ ಅದರ ಮೊದಲ ಕಂತು ತೆರೆದುಕೊಳ್ಳುವುದು 1983ರ ನವೆಂಬರಿನಲ್ಲಿ, ಕಾಣೆಯಾದ ಹುಡುಗ ಆ ಕತ್ತಲ ಲೋಕದಲ್ಲಿ ಒಂಟಿಯಾಗಿ ಅಡಗಿ ಕೂತಿದ್ದ ಹೊತ್ತಿನಲ್ಲಿ. ಮೊದಲ ಸೀಸನ್ ತೋರಿಸದೆ ಬಿಟ್ಟಿದ್ದ ಜಾಗಕ್ಕೆ ಐದನೆಯದು ಹೋಗಿ ನಿಲ್ಲುತ್ತದೆ. ಮುಂದೆ ಹೆಜ್ಜೆ ಇಡುವ ಮೊದಲು ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡುವುದು.

ಇದನ್ನು ಕೇಳಿದ ಕನ್ನಡ ಓದಿದವರಿಗೆ ಹೈಸ್ಕೂಲಿನ ಬೆಂಚು ನೆನಪಾಗದೆ ಇರುವುದಿಲ್ಲ. ರನ್ನನ ‘ಗದಾಯುದ್ಧ’ ಎಂದ ಕೂಡಲೇ ಕನ್ನಡ ಮೇಷ್ಟ್ರು ಸಿಂಹಾವಲೋಕನ ಕ್ರಮ ಎನ್ನುತ್ತಿದ್ದರು. ನಾವು ಎರಡು ಮಾರ್ಕಿಗಾಗಿ ಬಾಯಿಪಾಠ ಮಾಡಿ ಮರೆತೆವು. ಯೋಚಿಸಿದರೆ, ಮುಧೋಳದ ಬಳೆಗಾರರ ಮನೆಯ ಆ ಕವಿ ಸಾವಿರ ವರ್ಷದ ಹಿಂದೆ ಮಾಡಿದ್ದು ಎಂಥ ಧೈರ್ಯದ ಕೆಲಸ! ಇಡೀ ಮಹಾಭಾರತ ಮುಂದಿದೆ. ಅವನು ಬೇರೆಲ್ಲ ಬಿಟ್ಟು ಕೊನೆಯ ಸೀಸನ್ನನ್ನಷ್ಟೇ ಬರೆದ. ಹದಿನೇಳು ದಿನದ ಯುದ್ಧ ಆಗಲೇ ನಡೆದುಹೋಗಿದೆ. ದುರ್ಯೋಧನ ರಣರಂಗದಲ್ಲಿ ನಡೆಯುತ್ತ ಹೋದಂತೆ ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ ಒಬ್ಬೊಬ್ಬರಾಗಿ ಎದುರಾಗುತ್ತಾರೆ, ಹೆಣಗಳಾಗಿ. ಒಂದೊಂದು ಹೆಣದ ಮುಂದೆ ನಿಂತಾಗಲೂ ಹಿಂದಿನ ಕಥೆಯ ಒಂದೊಂದು ತುಂಡು ಮೇಲೆದ್ದು ಬರುತ್ತದೆ. ಹಿಂದಿನ ಸಂಚಿಕೆಗಳಲ್ಲಿ ಏನಾಯಿತು ಎಂದು ಟೀವಿಯವರು ಒಂದು ನಿಮಿಷದಲ್ಲಿ ತೋರಿಸಿ ಕೈ ತೊಳೆದುಕೊಳ್ಳುತ್ತಾರಲ್ಲ, ರನ್ನ ಅದನ್ನೇ ಕಾವ್ಯದ ಉಸಿರು ಮಾಡಿಕೊಂಡ. ಯಾರು ಗೆಲ್ಲುತ್ತಾರೆ ಎಂಬುದು ಅವನ ಓದುಗರಿಗೆ ಗೊತ್ತಿತ್ತು. ತೊಡೆ ಮುರಿಯುತ್ತದೆ ಎಂಬುದೂ ಗೊತ್ತಿತ್ತು. ಸರೋವರದಲ್ಲಿ ಅಡಗಿದವನು ಎದ್ದು ಬರುತ್ತಾನೆ ಎಂಬುದರಲ್ಲಿ ಯಾವ ಗುಟ್ಟೂ ಇರಲಿಲ್ಲ. ಆದರೂ ನೀರಿನೊಳಗೆ ಕೂತವನಿಗೆ ಭೀಮನ ಕೂಗು ಕೇಳಿ ಮೈ ಬೆವರುವ ಗಳಿಗೆಗೆ ಬಂದಾಗ ಉಸಿರು ಬಿಗಿಹಿಡಿಯದವರು ಯಾರು?

ನಮ್ಮ ಟೀವಿಯಲ್ಲಿ ಕೊನೆಯ ಸೀಸನ್ ಎಂಬ ಮಾತೇ ಇರಲಿಲ್ಲ. ದೂರದರ್ಶನದ ಕಾಲದಲ್ಲಿ ಹದಿಮೂರು ಕಂತು ಸಿಕ್ಕರೆ ಹದಿಮೂರಕ್ಕೆ ಮುಗಿಸುವುದು. ಖಾಸಗಿ ವಾಹಿನಿಗಳು ಬಂದ ಮೇಲೆ ಟಿಆರ್‌ಪಿ ಬಿದ್ದ ವಾರವೇ ಕೊನೆಯ ವಾರ. ಅಲ್ಲಿಯವರೆಗೆ ಸತ್ತವರೂ ಮುಖ ಬದಲಿಸಿಕೊಂಡು ವಾಪಸು ಬರಬಹುದು. ಆದರೂ ಕನ್ನಡದ ನಿಗೂಢ ಧಾರಾವಾಹಿ ಎಂದರೆ ಈಗಲೂ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ‘ಗುಡ್ಡದ ಭೂತ’. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬಂದದ್ದು. ಸದಾನಂದ ಸುವರ್ಣರ ನಿರ್ದೇಶನ. ಮುಂಬೈ ಕನ್ನಡ ರಂಗಭೂಮಿಯಲ್ಲಿ ಬೆಳೆದ, ಮೊದಲು ‘ಘಟಶ್ರಾದ್ಧ’ ಚಿತ್ರ ನಿರ್ಮಿಸಿದ್ದ ಸುವರ್ಣರು 2024ರ ಜುಲೈನಲ್ಲಿ ತೀರಿಕೊಂಡರು. ಪ್ರಕಾಶ್ ರೈ ಇನ್ನೂ ಪ್ರಕಾಶ್ ರಾಜ್ ಆಗದಿದ್ದ ಕಾಲದಲ್ಲಿ ಅದರಲ್ಲಿ ನಟಿಸಿದ್ದರು. ಕರಾವಳಿಯ ಮಳೆ, ಗುಡ್ಡ, ಭೂತದ ಭಯ. ಮಳೆಯನ್ನೇ ಕಾಣದ ನಮ್ಮ ಕಡೆಯವರಿಗೆ ಆ ಹಸಿರೇ ಅರ್ಧ ನಿಗೂಢವಾಗಿತ್ತು! ಆಂಟೆನಾ ತಿರುಗಿಸಲು ಒಬ್ಬ ಮಾಳಿಗೆ ಮೇಲೆ, “ಬಂತಾ?” “ಇನ್ನೂ ಸ್ವಲ್ಪ ತೆಂಕಲಕ್ಕೆ!”

ಆಗ ನೋಡಿದವರನ್ನು ಈಗ ಕೇಳಿ ನೋಡಿ. ‘ಡೆನ್ನಾನ ಡೆನ್ನಾನ’ ಎಂದು ಆ ಶೀರ್ಷಿಕೆ ಗೀತೆಯನ್ನು ತಕ್ಷಣ ಗುನುಗುತ್ತಾರೆ. 2015ರಲ್ಲಿ ‘ರಂಗಿತರಂಗ’ ಬಂದಾಗ ಅದೇ ಧಾಟಿ ಥಿಯೇಟರಿನಲ್ಲಿ ಕೇಳಿ ನಡುವಯಸ್ಸಿನವರೆಲ್ಲ ಬೆಚ್ಚಿ ಕೂತಿದ್ದರು. ಆದರೆ ಗುಡ್ಡದ ಮೇಲಿನ ಆ ಭೂತ ಕೊನೆಗೆ ಏನಾಗಿತ್ತು ಎಂದು ಕೇಳಿದರೆ ಹತ್ತರಲ್ಲಿ ಏಳು ಜನ ತಲೆ ಕೆರೆದುಕೊಳ್ಳುತ್ತಾರೆ. ಹದಿಮೂರು ವಾರ ಮನೆಮಂದಿಯನ್ನೆಲ್ಲ ಹೆದರಿಸಿದ ಪ್ರಶ್ನೆ ಹಾಗೇ ಉಳಿದಿದೆ, ಉತ್ತರ ಉದುರಿಹೋಗಿದೆ. ಪಾವಗಡದ ಕಡೆ ಇದೇ ಪ್ರಯೋಗ ಮಾಡುವುದಾದರೆ ತೆಲುಗಿನಲ್ಲಿ ಕೇಳಬೇಕು. ಮೂರು ದಿಕ್ಕಿನಲ್ಲೂ ಆಂಧ್ರ ಇರುವ ಆ ತಾಲ್ಲೂಕಿನ ಮನೆಗಳಿಗೆ ಈಟಿವಿಯ ನಿಗೂಢ ಧಾರಾವಾಹಿ ‘ಅನ್ವೇಷಿತ’ ಗೊತ್ತು.

ಇತ್ತ ನಮ್ಮ ಸಿದ್ಧರಬೆಟ್ಟವೂ ಗುಡ್ಡವೇ. ಅದರ ಗವಿಗಳಲ್ಲಿ ಸಿದ್ಧರು ಇದ್ದರು, ಈಗಲೂ ಇದ್ದಾರೆ, ಕಾಣುವವರಿಗೆ ಕಾಣುತ್ತಾರೆ ಎಂಬ ಮಾತು ತಲೆಮಾರುಗಳಿಂದ ಇದೆ. ಮೂಲಿಕೆ ಹುಡುಕುವವರು ಹತ್ತುತ್ತಾರೆ, ಹರಕೆಯವರು ಹತ್ತುತ್ತಾರೆ, ಸುಮ್ಮನೆ ಗಾಳಿಗೆಂದು ಕಾಲೇಜಿನ ಹುಡುಗರೂ ಹತ್ತುತ್ತಾರೆ. ಇವರಲ್ಲಿ ಯಾರೂ ಈ ಕಥೆಯ ಕೊನೆಯ ಕಂತು ಯಾವಾಗ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಅಲ್ಲಿ ಯಾರೂ ಯಾರಿಗೂ ಸಾಲಗಾರರಲ್ಲ.

ವಾಯಿದೆಯೂ ಇಲ್ಲದೆ ಚುಕ್ತಾವೂ ಆಗದೆ ನಿಂತ ಕಥೆಗಳ ನೋವೇ ಬೇರೆ. ಧಾರಾವಾಹಿಗಳ ನಿರ್ದೇಶಕ ಟಿ.ಎನ್. ಸೀತಾರಾಮ್ ಬೆಳೆದದ್ದು ನಮ್ಮ ಪಕ್ಕದ ಗೌರಿಬಿದನೂರಿನಲ್ಲಿ. 1998ರಲ್ಲಿ ಅವರು, ನಾಗೇಂದ್ರ ಶಾ ಮತ್ತು ನಮ್ಮ ಜಿಲ್ಲೆಯ ದಂಡಿನಶಿವರದ ಪಿ. ಶೇಷಾದ್ರಿ ಸೇರಿ ಮಾಡಿದ ‘ಮಾಯಾಮೃಗ’ ಚಂದನದಲ್ಲಿ ಸಂಜೆ ನಾಲ್ಕೂವರೆಗೆ ಬರುತ್ತಿದ್ದಾಗ ಹೂವು ಕಟ್ಟುವವರ ಕೈ ಅರ್ಧ ಗಂಟೆ ನಿಲ್ಲುತ್ತಿತ್ತು. ಅದು ಕೊಲೆ, ಪತ್ತೇದಾರಿಕೆಯ ಕಥೆಯಲ್ಲ. ಆದರೂ ನಾಳೆಯವರೆಗೆ ಕಾಯಿಸುವ ವಿದ್ಯೆ ಅವರಿಗೆ ಒಲಿದಿತ್ತು. ಅದೇ ಸೀತಾರಾಮರ ‘ಮಗಳು ಜಾನಕಿ’ 2018ರಲ್ಲಿ ಶುರುವಾಗಿ, 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ತಾನೂ ನಿಂತಿತು. ಮತ್ತೆ ಮುಂದುವರಿಯಲಿಲ್ಲ. ಕೊನೆಯ ಭಾಗ ಹಾಗಿರಲಿ, ಕೊನೆಯ ಕಂತಿನ ಸುಳಿವೂ ಇಲ್ಲದೆ ಪಾತ್ರಗಳೆಲ್ಲ ನಡುದಾರಿಯಲ್ಲಿ ಉಳಿದುಬಿಟ್ಟವು. ನಮ್ಮ ಬೀದಿಯ ಹೆಂಗಸರು ಬಹಳ ದಿನ ಕೇಳಿದ್ದುಂಟು, ಅದು ಮುಂದಕ್ಕೆ ಏನಾಯಿತು ಎಂದು, ಊರು ಬಿಟ್ಟು ಹೋದ ಮನೆಯವರ ಬಗ್ಗೆ ವಿಚಾರಿಸುವ ದನಿಯಲ್ಲೇ. ಇಂಗ್ಲೆಂಡಿನಲ್ಲಿ ಡಿಕನ್ಸ್ ಹನ್ನೆರಡು ಕಂತಿನ ಕೊಲೆಯ ಕಥೆ ಬರೆಯಲು ಕೂತು, ಆರು ಬರೆದು, 1870ರ ಜೂನ್‌ನಲ್ಲಿ ತೀರಿಹೋದ. ಆ ಕಥೆಯ ಎಡ್ವಿನ್ ಡ್ರೂಡ್‌ನನ್ನು ಕೊಂದವರು ಯಾರು, ಕೊಂದದ್ದು ನಿಜವೇ ಎಂದು ಜನ ನೂರೈವತ್ತು ವರ್ಷದಿಂದ ಜಗಳವಾಡುತ್ತಿದ್ದಾರೆ. ಅಷ್ಟು ದೂರ ಯಾಕೆ? ಕುಮಾರವ್ಯಾಸ ಗದಾಪರ್ವಕ್ಕೆ ಲೇಖನಿ ಕೆಳಗಿಟ್ಟ. ಹದಿನೆಂಟು ಪರ್ವದ ಭಾರತದಲ್ಲಿ ಅವನು ಬರೆದದ್ದು ಹತ್ತು. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ತಿಮ್ಮಣ್ಣ ಪ್ರಾಮಾಣಿಕ ಮನುಷ್ಯ, ಕಥೆಯ ಬಾಕಿಯೆಲ್ಲ ತೀರಿಸಿದ. ಆದರೆ ಹಳ್ಳಿಯ ಜಗಲಿಗಳಲ್ಲಿ ಓದಿಸಿಕೊಂಡದ್ದು, ಜನ ಎದೆಗೊತ್ತಿಕೊಂಡದ್ದು ಆ ಹತ್ತನ್ನೇ.

ಮಧುಗಿರಿ, ಸಿರಾ, ಪಾವಗಡದಂಥ ಬರದ ಸೀಮೆಯಲ್ಲಿ ಮಳೆ ತಡವಾದರೆ ವಿರಾಟಪರ್ವ ಓದಿಸುವ ವಾಡಿಕೆ ಇತ್ತು. ವಿರಾಟಪರ್ವವೇ ಯಾಕೆ ಎಂದು ನನಗೆ ಮೊದಲಿಂದ ಬೆರಗು. ಭಾರತದಲ್ಲಿ ಗುಟ್ಟಿನ ಮೇಲೆ ನಿಂತ ಪರ್ವವೆಂದರೆ ಅದು. ಅಡುಗೆಯವನು ಭೀಮ, ನಾಟ್ಯದ ಗುರು ಅರ್ಜುನ, ಒಂದು ವರ್ಷ ಯಾರಿಗೂ ಗೊತ್ತಾಗಬಾರದು. ಆದರೆ ಕೇಳುತ್ತ ಕೂತ ಊರಿಗೆಲ್ಲ ಗೊತ್ತು, ಉತ್ತರಕುಮಾರನೊಬ್ಬನಿಗೆ ಗೊತ್ತಿಲ್ಲ! ಅವನ ಜಂಬ ಕೇಳಿ ನಗುವವರು, ಅವನು ರಥದಿಂದ ಹಾರಿ ಓಡುವಾಗ ಮತ್ತೂ ನಗುವವರು, ಬನ್ನಿಯ ಮರದಿಂದ ಆಯುಧದ ಕಟ್ಟು ಇಳಿಯುವಾಗ ಮಾತ್ರ ಯಾಕೋ ನೆಟ್ಟಗೆ ಕೂರುತ್ತಾರೆ. ಗುಟ್ಟು ಗೊತ್ತಿದ್ದೂ ಅದು ಒಡೆಯುವ ಗಳಿಗೆಗೆ ಕಾಯುವುದು ಬೇರೆ ಬಗೆಯ ಕಾಯುವಿಕೆ. ಇದರಲ್ಲಿ ಕೇಳುವವನನ್ನು ಯಾರೂ ಮೋಸಗೊಳಿಸಲಾರರು, ಯಾರೂ ‘ಮುಂಚೆಯೇ ಹೇಳಿ’ ರುಚಿ ಕೆಡಿಸಲಾರರು.

ನಮ್ಮ ಹುಡುಗನಿಗೆ ಇದು ಅರ್ಥವಾಗುವುದಿಲ್ಲ. ಬೇಸಿಗೆ ಬಂದರೆ ಕೊರಟಗೆರೆ ಸುತ್ತಿನ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ತಪ್ಪುವುದಿಲ್ಲ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರು ಸಂಜೆ ಬಂದು ಪದ ಕಲಿಸುತ್ತಾರೆ. ಪಾರ್ಟು ಮಾಡುವವರು ತಾವೇ ದುಡ್ಡು ಹಾಕುತ್ತಾರೆ. ದೊಡ್ಡ ಪಾರ್ಟಿಗೆ ದೊಡ್ಡ ಮೊತ್ತ. ಆಸೆಪಟ್ಟವರು ಜಾಸ್ತಿಯಾದರೆ ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಹಾಗಾಗಿ ಅರ್ಧರಾತ್ರಿ ದಾಟಿದ ಮೇಲೆ ಸಣಕಲು ಕೃಷ್ಣ ಒಳಗೆ ಹೋಗಿ ದಪ್ಪನೆಯ ಕೃಷ್ಣ ಹೊರಗೆ ಬರುತ್ತಾನೆ. ಯಾರೂ ತಕರಾರು ಮಾಡುವುದಿಲ್ಲ. ಪಕ್ಕದ ಗುಬ್ಬಿಯ ವೀರಣ್ಣನವರು ತಮ್ಮ ಕಂಪನಿಯ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. ನಮ್ಮವರಿಗೆ ಬಾಡಿಗೆ ಸೀನರಿಯ ಪರದೆಯ ಮೇಲಿನ ರಥ ಸಾಕು.

“ಗೊತ್ತಿರೋ ಕಥೆನ ರಾತ್ರಿಯೆಲ್ಲ ನಿದ್ದೆಗೆಟ್ಟು ಯಾಕೆ ನೋಡ್ತಾರೆ?” ಎಂದು ಅವನು ಹೋದ ವರ್ಷ ದುರ್ಯೋಧನ ಕಟ್ಟಿದ್ದ ನಮ್ಮ ಎದುರು ಮನೆಯವರನ್ನು ಕೇಳಿದ. ಅವರು ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ.

“ಅವ್ನು ಬೀಳ್ತಾನೆ ಅಂತ ಎಲ್ರಿಗೂ ಗೊತ್ತು ಕಣಪ್ಪ. ನಾನು ಎಂಗೆ ಬೀಳ್ತೀನಿ ಅನ್ನೋದು ಯಾರಿಗ್ ಗೊತ್ತು?”

ನಾಟಕ ರಾತ್ರಿ ಒಂಬತ್ತಕ್ಕೆ ಶುರುವಾದರೆ, ಮೂರು ಗಂಟೆ ಹೊತ್ತಿಗೆ ಅರ್ಧ ಊರು ಚಾಪೆಯ ಮೇಲೆ ಮಲಗಿರುತ್ತದೆ. ಸಂಧಾನ ಆಗುವಾಗ ಗೊರಕೆ, ಕರ್ಣ ಬೀಳುವಾಗ ಗೊರಕೆ. ಮೂಡಲಲ್ಲಿ ಬೆಳ್ಳಿ ಮೂಡುವ ಹೊತ್ತಿಗೆ ಸರೋವರದ ಪರದೆ ಇಳಿಯುತ್ತದೆ. ಆಗ ಚಾಪೆಯಿಂದ ಚಾಪೆಗೆ ಕೈ ಚಾಚುತ್ತವೆ. “ಏಳ್ರೋ, ಗದಾಯುದ್ಧ ಬಂತು.” ಮಕ್ಕಳು ಕಣ್ಣುಜ್ಜಿಕೊಂಡು ಏಳುತ್ತಾರೆ, ಟೀ ಅಂಗಡಿಯವನು ಸ್ಟವ್ವಿಗೆ ಪಂಪು ಹೊಡೆಯುತ್ತಾನೆ, ಹೆಂಗಸರು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಜರುಗುತ್ತಾರೆ. ಹಿಂದೆ ಏನೇನಾಯಿತು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅಷ್ಟರಲ್ಲಿ ಸೀನರಿಯವರ ಕಡೆಯಿಂದ ಒಬ್ಬ ಬಂದು ಮೇಷ್ಟ್ರ ಕಿವಿಯಲ್ಲಿ ಬೇಗ ಬೇಗ ಎನ್ನುತ್ತಾನೆ. ಇದೇ ಪರದೆ ಸಾಯಂಕಾಲದೊಳಗೆ ತೋವಿನಕೆರೆ ಸೇರಬೇಕು, ಅಲ್ಲೂ ಇವತ್ತು ರಾತ್ರಿ ಕುರುಕ್ಷೇತ್ರ.